ಒರೆಸಲು ಒಪ್ಪದ ಫೋನು

ಕೊರೊನಾದ ಗದ್ದಲ ತಣ್ಣಗಾದ ಮರುವರ್ಷದ ಮಳೆಗಾಲ. ಬೆಳಗಾವಿಯ ಪೇಟೆಯೊಳಗೆ ಒಂದು ಇಕ್ಕಟ್ಟಿನ ಗಲ್ಲಿಯಲ್ಲಿ ನನ್ನದು ಮೊಬೈಲ್ ರಿಪೇರಿ ಅಂಗಡಿ. ಮಾಲಕಿ ನಾನೇ, ಮೆಕ್ಯಾನಿಕ್ಕೂ ನಾನೇ. ಹೊಸ ಗಿರಾಕಿಗಳು ನನ್ನ ತಲೆಯ ಮೇಲಿಂದ ಒಳಗೆ ಇಣುಕಿ, ರಿಪೇರಿ ಮಾಡುವವರು ಎಲ್ಲಿ ಹೋಗಿದ್ದಾರೆ ಎಂದು ಕೇಳುತ್ತಿದ್ದರು. ನಿಮ್ಮ ಮುಂದೆಯೇ ಕೂತಿದ್ದಾರೆ, ಕಾಣದಿದ್ದರೆ ಬಾಜುವಿನಲ್ಲಿ ಚಷ್ಮಾದ ಅಂಗಡಿ ಇದೆ, ಹೋಗಿ ತೋರಿಸಿಕೊಳ್ಳಿ ಎನ್ನುತ್ತಿದ್ದೆ. ನನ್ನ ಬಾಯಿ ಮೊದಲಿನಿಂದಲೂ ಜೋರು. ಜತೆಗೆ ಕೆಲಸ ಮಾಡುತ್ತಿದ್ದವನು ಮಲ್ಲಿಕಾರ್ಜುನ, ಬೈಲಹೊಂಗಲ ಕಡೆಯ ನಲವತ್ತು ದಾಟಿದ ಗೃಹಸ್ಥ. ಬೆಸುಗೆ ಹಾಕಲು ಕೂತರೆ ಕೈ ಅಲುಗದ ಮನುಷ್ಯ, ಆದರೆ ಮಾತು ಕಮ್ಮಿ. ಇಬ್ಬರ ಪಾಲಿನದನ್ನೂ ನಾನೇ ಆಡುತ್ತಿದ್ದೆ.

ಒಂದು ಶುಕ್ರವಾರ ಲಕ್ಷ್ಮೀಬಾಯಿ ಎಂಬ ಹೆಂಗಸು ಬಂದಳು. ಜಾಂಬೋಟಿಯ ಆಚೆ ಕಾಡಂಚಿನ ಒಂದು ಸಣ್ಣ ಹಳ್ಳಿಯವಳು. ಮೊಣಕಾಲಿನವರೆಗೆ ಕೆಸರು, ಸೆರಗಿನಲ್ಲಿ ಹಾಲಿನ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಒಂದು ಅಗ್ಗದ ಆಂಡ್ರಾಯ್ಡ್ ಫೋನು. ಗಾಜು ಬಿರುಕು ಬಿಟ್ಟಿತ್ತು, ಬದಿಯ ಗುಂಡಿಗಳು ಜಜ್ಜಿ ಹೋಗಿದ್ದವು. ಸ್ಪೀಕರಿನ ಜಾಳಿಗೆಯಲ್ಲಿ ಕಪ್ಪಗೆ ಏನೋ ಮೆತ್ತಿಕೊಂಡಿತ್ತು. ಬ್ರಶ್ಶಿನಿಂದ ಕೆರೆದೆ, ಪುಡಿಯಾಗಿ ಉದುರಿತು. ಒಣಗಿದ ರಕ್ತ.

ಅವಳು ಮರಾಠಿಯಲ್ಲಿ ಹೇಳಿದ್ದರ ಸಾರಾಂಶ ಇಷ್ಟು. ಫೋನು ಮಗಳು ಸುರೇಖಾಳದ್ದು. ಅವಳನ್ನು ಖಾನಾಪುರದ ಹತ್ತಿರ ಕೊಟ್ಟಿದ್ದಾರೆ. ಗಂಡ ಮಾರುತಿ ಟಿಪ್ಪರ್ ಓಡಿಸುತ್ತಾನೆ. ಟಿಪ್ಪರಿನ ಗಾಲಿಯ ನಟ್ಟು ಬಿಚ್ಚುವ ಪಾನಾದಿಂದ ಹೆಂಡತಿಯ ಮುಖಕ್ಕೆ ಹೊಡೆದಿದ್ದಾನೆ. ದವಡೆ ಎರಡು ಕಡೆ ಮುರಿದಿದೆ, ಬೆಳಗಾವಿಯ ಆಸ್ಪತ್ರೆಯಲ್ಲಿ ತಂತಿಯಿಂದ ಬಿಗಿದಿದ್ದಾರೆ, ಮಾತಾಡಲು ಬಾಯಿ ತೆರೆಯುವ ಹಾಗಿಲ್ಲ. ಗಂಡನ ಮನೆಯವರು ಮಳೆಯಲ್ಲಿ ಮೆಟ್ಟಿಲ ಮೇಲಿಂದ ಜಾರಿ ಬಿದ್ದಳು ಎಂದು ಬರೆಸಿದ್ದಾರೆ. ಸೋಮವಾರ ಡಿಸ್‌ಚಾರ್ಜ್. ಅತ್ತೆ ಹಾಸಿಗೆಯ ಪಕ್ಕವೇ ಕೂತಿದ್ದಾಳೆ, ನಮ್ಮ ಸೊಸೆಯನ್ನು ನಾವೇ ಕರೆದೊಯ್ಯುತ್ತೇವೆ ಎಂದು ಡಾಕ್ಟರರಿಗೆ ಈಗಾಗಲೇ ಹೇಳಿದ್ದಾಳೆ.

ಆ ಮನೆಗೆ ಈ ಸಲ ಹೋದರೆ ಮಗಳು ಜೀವಂತ ಬರುವುದಿಲ್ಲ ಎಂದು ಲಕ್ಷ್ಮೀಬಾಯಿ ಅಳದೆ ಹೇಳಿದಳು. ಅತ್ತಿದ್ದರೆ ನಾನು ಸಮಾಧಾನ ಮಾಡಿ ಕಳಿಸಿಬಿಡುತ್ತಿದ್ದೆನೇನೋ. ಅಳಲಿಲ್ಲ, ಅದಕ್ಕೇ ಫೋನನ್ನು ಇಟ್ಟುಕೊಂಡೆ.

ಸಾಕ್ಷಿ ಫೋನಿನಲ್ಲಿತ್ತು. ಎಂಟು ತಿಂಗಳಿಂದ ಸುರೇಖಾ ಒಂದು ರೆಕಾರ್ಡಿಂಗ್ ಆ್ಯಪ್ ಹಾಕಿಕೊಂಡಿದ್ದಳು. ಗಂಡನ ಬೈಕು ಮನೆಯ ಮುಂದೆ ನಿಂತ ಸಪ್ಪಳ ಕೇಳಿದ ಕೂಡಲೇ ಗುಂಡಿ ಒತ್ತಿ ಫೋನನ್ನು ಹಿಟ್ಟಿನ ಡಬ್ಬಿಯ ಹಿಂದೆ ಇಡುತ್ತಿದ್ದಳಂತೆ, ತಾಯಿಗೆ ಮೊದಲೇ ಹೇಳಿಟ್ಟಿದ್ದಳು. ಆ್ಯಪ್ ಮಾಡಿದ ಕಂಪನಿ ಬಾಗಿಲು ಮುಚ್ಚಿತ್ತು. ಗುಂಡಿ ಒತ್ತಿದರೆ ಧ್ವನಿ ತುಂಬಿಕೊಳ್ಳುತ್ತಿತ್ತು, ಕೇಳಲು ಹೋದರೆ ಮಾತ್ರ ಲಾಗಿನ್ ಕೇಳುತ್ತಿತ್ತಂತೆ, ಲಾಗಿನ್ ಮಾಡಿಸಿಕೊಳ್ಳುವ ಸರ್ವರ್ ಸತ್ತು ಹೋಗಿದೆ. ಖಾನಾಪುರ ಕಡೆಯ ಒಬ್ಬ ಪಿಎಸ್‌ಐ ಮೇಡಮ್ಮು ಆಸ್ಪತ್ರೆಗೆ ಬಂದು, ಹೆಂಡತಿಯನ್ನು ಹೊಡೆದೆ ಎಂದು ಯಾವ ಗಂಡಸೂ ತಾನಾಗಿ ಒಪ್ಪುವುದಿಲ್ಲ, ಸೋಮವಾರದೊಳಗೆ ಆ ಧ್ವನಿ ಕೇಳಿಸಿದರೆ ಅವಳನ್ನು ಆ ಮನೆಯ ಹೊಸ್ತಿಲು ತುಳಿಯಲು ಬಿಡುವುದಿಲ್ಲ ಎಂದಿದ್ದರು.

ಇಲ್ಲಿ ಸ್ವಲ್ಪ ನನ್ನ ಕಸುಬಿನ ಮಾತು ಹೇಳಬೇಕು. ಆಂಡ್ರಾಯ್ಡ್ ಫೋನಿನಲ್ಲಿ ಪ್ರತಿ ಆ್ಯಪ್‌ಗೂ ಒಂದು ಖಾಸಗಿ ಕೋಣೆ ಇರುತ್ತದೆ. ಫೋನಿನ ಮಾಲೀಕನೂ ಆ ಕೋಣೆಗೆ ಕಾಲಿಡುವಂತಿಲ್ಲ. ಎಲ್ಲ ಕೋಣೆಗೂ ಹೋಗುವ ಯಜಮಾನಿಕೆ ಪಡೆಯುವುದಕ್ಕೆ ‘ರೂಟ್’ ಮಾಡುವುದು ಎನ್ನುತ್ತಾರೆ. ರೂಟ್ ಮಾಡುವ ರಾಜಮಾರ್ಗವೆಂದರೆ ಮೊದಲು ಬೂಟ್‌ಲೋಡರನ್ನು ಅನ್‌ಲಾಕ್ ಮಾಡುವುದು. ಬೂಟ್‌ಲೋಡರ್ ಎಂದರೆ ಫೋನು ಆನ್ ಮಾಡಿದಾಗ ಎಲ್ಲಕ್ಕಿಂತ ಮೊದಲು ಎದ್ದು ಬಾಗಿಲು ಕಾಯುವ ಪ್ರೋಗ್ರಾಮು. ಅದನ್ನು ಅನ್‌ಲಾಕ್ ಮಾಡಿದ ಕ್ಷಣ ಫೋನಿನೊಳಗಿನ ಸಕಲವೂ ಅಳಿಸಿ ಹೋಗುತ್ತದೆ. ಕದ್ದವನ ಕೈಗೆ ಏನೂ ಸಿಗಬಾರದೆಂದು ಹಾಗೆ ಮಾಡಿದ್ದಾರೆ. ಈ ಅಗ್ಗದ ಫೋನುಗಳ ಕಥೆ ಇನ್ನೂ ಒಂದು ಕೈ ಮೇಲೆ. ಇವನ್ನು ಒಂದು ನೆಟ್‌ವರ್ಕ್ ಕಂಪನಿ ತನ್ನ ಸಿಮ್ ಬಿಟ್ಟು ಬೇರೆಯದು ನಡೆಯದಂತೆ ಕಟ್ಟಿಹಾಕಿ ಮಾರುತ್ತದೆ. ಅದರ ಬೂಟ್‌ಲೋಡರಿಗೆ ಕಂಪನಿಯದೇ ಬೀಗ. ಅನ್‌ಲಾಕ್ ಮಾಡು ಎಂದು ಕಂಪ್ಯೂಟರಿನಿಂದ ಆಜ್ಞೆ ಕೊಟ್ಟರೆ, ಇದಕ್ಕೆ ಅನುಮತಿ ಇಲ್ಲ ಎಂದು ಬರುತ್ತದೆ. ಈ ಜಾತಿಯ ಫೋನುಗಳಿಗೆ ನಾನು ಅದೆಷ್ಟು ಶಾಪ ಹಾಕಿದ್ದೇನೋ.

ಉಳಿದದ್ದು ಕಿಟಕಿ. ಹಳೆಯ ಸಾಫ್ಟ್‌ವೇರಿನಲ್ಲಿ ಒಂದು ದೋಷವಿತ್ತು, ಅದರ ಮೂಲಕ ನುಸುಳಿದರೆ ಏನನ್ನೂ ಅಳಿಸದೆ, ಫೋನು ಮತ್ತೆ ಬಂದ್ ಆಗುವವರೆಗೆ ಮಾತ್ರ ರೂಟ್ ಸಿಗುತ್ತಿತ್ತು. ಸುರೇಖಾ ಡೇಟಾ ಉಳಿಸಲು ಅಪ್‌ಡೇಟ್ ಮಾಡಿಯೇ ಇರಲಿಲ್ಲ, ಹಾಗಾಗಿ ಕಿಟಕಿ ತೆರೆದೇ ಇದ್ದಿರಬೇಕು. ಆದರೆ ಅಷ್ಟಕ್ಕೂ ಮೊದಲು ಪರದೆಯ ಪ್ಯಾಟರ್ನ್ ಬೇಕು. ಮಗಳು ಅಂಗೈ ಮೇಲೆ ಬರೆದು ತೋರಿಸಿದ್ದಾಳೆಂದು ಲಕ್ಷ್ಮೀಬಾಯಿ ಒಂದು ಗೆರೆ ಎಳೆದು ತೋರಿಸಿದಳು. ಅದು ತಪ್ಪಾಗಿತ್ತು. ಮತ್ತೆ ಮತ್ತೆ ತಪ್ಪು ಹಾಕಿದರೆ ಫೋನು ಕಾಯಿಸುತ್ತ ಹೋಗುತ್ತದೆ. ಕೈ ಬಿಟ್ಟೆ. ಎಮ್ಮೆ ನೋಡುವವರು ಯಾರೂ ಇಲ್ಲವೆಂದು ಅವಳು ಸಂಜೆಯ ಬಸ್ಸಿಗೆ ಊರಿಗೆ ಹೋದಳು.

ಶನಿವಾರ ಬೆಳಿಗ್ಗೆ ಹಿಂದಿನ ಮುಚ್ಚಳ ತೆಗೆದು, ಫೋನನ್ನು ಕೇಬಲ್ಲಿನಿಂದ ಕಂಪ್ಯೂಟರಿಗೆ ಜೋಡಿಸಿ, ಒಳಗಿನ ಸಾಫ್ಟ್‌ವೇರು ಯಾವ ಕಾಲದ್ದೆಂದು ನೋಡಿದೆ. ಕಿಟಕಿ ತೆರೆದೇ ಇತ್ತು. ಕೇಬಲ್ಲನ್ನು ಹಾಗೇ ಬಿಟ್ಟು, ಹಿಂದಿನ ದಿನ ರಜೆಯಲ್ಲಿದ್ದ ಮಲ್ಲಿಕಾರ್ಜುನನಿಗೆ ಸುರೇಖಾಳ ಗಂಡನ ವಿಷಯ ಹೇಳಲು ಪುರಸೊತ್ತಿಲ್ಲದೆ, ಪ್ಯಾಟರ್ನ್ ಕೇಳಲು ಆಸ್ಪತ್ರೆಗೆ ಓಡಿದೆ.

ಸುರೇಖಾಳನ್ನು ನೋಡಿ ನಾನು ಒಂದು ಕ್ಷಣ ಬೇರೆ ಕಡೆ ಮುಖ ಮಾಡಿದೆ. ಒಂದು ಕಣ್ಣು ಊದಿ ಮುಚ್ಚಿತ್ತು. ಮುಖದ ಎಡಭಾಗ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ತುಟಿ ಸರಿದಾಗ ಹಲ್ಲುಗಳ ಮೇಲೆ ತಂತಿ ಮಿನುಗುತ್ತಿತ್ತು. ಅತ್ತೆಯಾದವಳು ಪಕ್ಕದಲ್ಲಿ ಕೂತು, ದೊಡ್ಡ ಸಿರಿಂಜಿನಿಂದ ಕೆನ್ನೆಯ ಸಂದಿಯೊಳಗೆ ಗಂಜಿ ಬಿಡುತ್ತಿದ್ದಳು. ಚೆಲ್ಲಿದ್ದನ್ನು ಸೆರಗಿನಿಂದ ಒರೆಸುತ್ತಿದ್ದಳು. ಎಷ್ಟು ನಾಜೂಕಾಗಿ ನೋಡಿಕೊಳ್ಳುತ್ತಾಳೆ ಎಂದು ವಾರ್ಡಿನವರೆಲ್ಲ ಹೊಗಳುತ್ತಿದ್ದರು. ನಾನು ಯಾರೆಂದು ಅತ್ತೆ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ನರ್ಸೊಬ್ಬಳು, ಮೊಬೈಲ್ ರಿಪೇರಿಯ ಪದ್ಮಕ್ಕ, ನಮ್ಮೆಲ್ಲರ ಫೋನು ಇವರ ಹತ್ತಿರವೇ ಎಂದುಬಿಟ್ಟಳು. ಅತ್ತೆ ನಕ್ಕು, ನೀರು ತರುತ್ತೇನೆಂದು ಎದ್ದು ಹೊರಗೆ ಹೋದಳು.

ಅವಳು ಹೋದ ಕೂಡಲೇ ನಾನು ಅಂಗೈ ಚಾಚಿದೆ. ಸುರೇಖಾ ಬೆರಳಿನಿಂದ ಗೆರೆ ಎಳೆದಳು. ಆಗ ಗೊತ್ತಾಯಿತು ತಪ್ಪು ಎಲ್ಲಿ ಎಂದು. ಮಗಳು ತನ್ನ ಕಡೆಯಿಂದ ಸರಿಯಾಗಿಯೇ ಬರೆದಿದ್ದಳು, ಎದುರಿಗೆ ನಿಂತ ತಾಯಿಗೆ ಅದು ತಲೆಕೆಳಗಾಗಿ ಕಂಡಿತ್ತು. ಡಾಕ್ಟರರು ರೌಂಡಿಗೆ ಬಂದರು, ಸೋಮವಾರ ಕಳಿಸುವುದು ಖರೇನಾ ಎಂದು ಕೇಳಲು ನಾನು ಅಲ್ಲೇ ನಿಂತೆ. ಖರೇ ಎಂದರು. ಅಷ್ಟರಲ್ಲಿ ಅತ್ತೆ ಹೊರಗೆ ಹೋಗಿ ಮಗನಿಗೆ ಫೋನು ಹಚ್ಚಿದ್ದಳು. ನನಗೆ ಅದು ತಿಳಿದದ್ದು ಆಮೇಲೆ.

ಅಂಗಡಿಗೆ ಬಂದರೆ ಗಿರಾಕಿಯ ಕುರ್ಚಿಯಲ್ಲಿ ಗಟ್ಟಿಮುಟ್ಟಾದ ಒಬ್ಬ ಆಸಾಮಿ ಕಾಲ ಮೇಲೆ ಕಾಲು ಹಾಕಿ ಚಹಾ ಕುಡಿಯುತ್ತಿದ್ದ. ಇಸ್ತ್ರಿ ಮಾಡಿದ ಅಂಗಿ, ಹಣೆಯಲ್ಲಿ ಗಂಧ. ಮಲ್ಲಿಕಾರ್ಜುನ ಬೆವರುತ್ತ ಕಂಪ್ಯೂಟರಿನ ಮುಂದೆ ಬಾಗಿದ್ದ. ಸುರೇಖಾಳ ಫೋನಿಗೆ ಅವನು ಆಜ್ಞೆ ಕೊಡುವುದು, ಅದು ಅನುಮತಿ ಇಲ್ಲ ಎನ್ನುವುದು, ಮತ್ತೆ ಕೊಡುವುದು ನಡೆದಿತ್ತು. ಏನು ಮಾಡುತ್ತಿದ್ದೀ ಎಂದು ಕೇಳಿದೆ.

“ಒರಸಾಕತ್ತೇನ್ರಿ ಅಕ್ಕಾ. ಇವರು ಸುರೇಖಾನ ಮನಿಯವರಂತ್ರಿ, ಫೋನ್ ಒಯ್ಯಾಕ ಬಂದಾರ. ಲಕ್ಷ್ಮೀಬಾಯಿಗೆ ಫೋನ್ ಹಚ್ಚಿ ಕೇಳಿದ್ನಿ. ‘ಪುಸಲ್ಯಾಶಿವಾಯ ದೇವೂ ನಕಾ’ ಅಂದ್ಳು. ಆದ್ರ ಈ ಹಾಳಾದ್ದು ಒರಸಾಕ ಬಿಡವಲ್ತು.”

ಬೆಳಗಾವಿಯ ಪೇಟೆಯ ಮರಾಠಿಯಲ್ಲಿ ‘ಪುಸ’ ಎಂದರೆ ಒರೆಸು, ಫೋನಿನೊಳಗಿನದನ್ನೆಲ್ಲ ಅಳಿಸುವುದಕ್ಕೂ ನಾವು ಒರೆಸುವುದು ಎನ್ನುತ್ತೇವೆ. ಮಲ್ಲಿಕಾರ್ಜುನ ಮರಾಠಿ ಕಲಿತದ್ದು ಪೇಟೆಯಲ್ಲಿ. ಒರೆಸದೆ ಕೊಡಬೇಡಿ ಎಂದು ಅವನಿಗೆ ಕೇಳಿಸಿತ್ತು. ಅದರಲ್ಲಿ ಅವನಿಗೆ ಅನುಮಾನ ಬರುವಂಥದ್ದೂ ಇರಲಿಲ್ಲ, ಬೇರೆಯವರ ಕೈಗೆ ಹೋಗುವ ಫೋನನ್ನು ನಾವು ಒರೆಸಿಯೇ ಕೊಡುತ್ತಿದ್ದೆವು. ಗುಂಡಿಗಳು ಜಜ್ಜಿದ್ದರಿಂದ ಕೈಯಿಂದ ಆಗಲಿಲ್ಲ, ಕೇಬಲ್ಲು ಹೇಗೂ ಹಚ್ಚಿತ್ತು, ಬೂಟ್‌ಲೋಡರ್ ಅನ್‌ಲಾಕ್ ಮಾಡಿದರೆ ತಾನಾಗಿ ಎಲ್ಲ ಅಳಿಯುತ್ತದೆ ಎಂದು ಹಿಡಿದ ಪಟ್ಟು ಬಿಡದೆ ಬಡಿದಾಡುತ್ತಿದ್ದ. ಕಂಪನಿಯ ಬೀಗ ಜಗ್ಗಿರಲಿಲ್ಲ. ಆದರೆ ನಾನು ಖಾನಾಪುರ ತಾಲೂಕಿನ ಹಲಸಿ ಕಡೆಯವಳು. ನಮ್ಮದು ಜೈನರ ಮನೆ, ಒಳಗೆ ಕನ್ನಡ, ಅಂಗಳ ದಾಟಿದರೆ ಮರಾಠಿ. ಖಾನಾಪುರದ ಹಳ್ಳಿಗಳಲ್ಲಿ ವಯಸ್ಸಾದವರ ಬಾಯಲ್ಲಿ ‘ಪುಸ’ ಎಂದರೆ ಒರೆಸು ಎಂದೂ ಹೌದು, ಕೇಳು ಎಂದೂ ಹೌದು.

ಕೇಬಲ್ಲನ್ನು ಹಿಡಿದು ಕಿತ್ತೆ. ಸಿಟ್ಟು ಬಂದರೆ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ.

“ಲೇ ಮಲ್ಯಾ, ಪುಸೂದಂದ್ರ ಬರೇ ಒರಸೂದಲ್ಲೋ, ಕೇಳೂದೂ ಹೌದು. ಆಕಿನ್ನ ಕೇಳಲಾರದ ಯಾರಿಗೂ ಕೊಡಬ್ಯಾಡಂದಾಳ.”

ಆ ಮನುಷ್ಯ ಚಹಾದ ಗ್ಲಾಸನ್ನು ಮೆಲ್ಲಗೆ ಕೆಳಗಿಟ್ಟ. ಒರೆಸುತ್ತಿದ್ದಾರೆಂದು ತಿಳಿದೇ ಅವನು ಅಷ್ಟು ಹೊತ್ತು ಆರಾಮಾಗಿ ಕೂತಿದ್ದ. ಮಲ್ಲಿಕಾರ್ಜುನ ಕೊಡುವುದಿಲ್ಲ ಎಂದಿದ್ದರೆ ಕಸಿದುಕೊಂಡು ಆಗಲೇ ಹೋಗಿರುತ್ತಿದ್ದ.

“ನಾ ಆಕಿ ಗಂಡ. ನನ್ನ ಹೇಣ್ತಿ ಫೋನ್ ಒಯ್ಯಾಕ ನಾ ಯಾರನ್ನ ಕೇಳಬೇಕು?”

ಮಾತು ಮುಗಿಯುವುದರೊಳಗೆ ಅವನು ಮಲ್ಲಿಕಾರ್ಜುನನ ಕೂದಲು ಹಿಡಿದು ಮುಖವನ್ನು ಟೇಬಲ್ಲಿಗೆ ಅಪ್ಪಳಿಸಿದ. ಮೂಗು ಒಡೆದು ರಕ್ತ ಕೀಬೋರ್ಡಿನ ಮೇಲೆ ಚಿಲ್ಲೆಂದು ಹಾರಿತು. ಫೋನಿನ ಮೇಲೆ ಮಲ್ಲಿಕಾರ್ಜುನ ಬಲಗೈ ಇಟ್ಟ. ಆ ಕೈಯನ್ನು ತೆರೆದಿದ್ದ ಡ್ರಾಯರಿಗೆ ತುರುಕಿ ಮಾರುತಿ ಡ್ರಾಯರನ್ನು ಬೂಟುಗಾಲಿನಿಂದ ಒದ್ದು ಮುಚ್ಚಿದ. ಬೆರಳು ಮುರಿದ ಸಪ್ಪಳ ನನಗೆ ಕೇಳಿಸಿತು. ಮಲ್ಲಿಕಾರ್ಜುನನ ಬಾಯಿಂದ ಬಂದ ಧ್ವನಿ ಮನುಷ್ಯನದರಂತೆ ಇರಲಿಲ್ಲ.

ಬೋರ್ಡಿನಿಂದ ಚಿಪ್ ಕೀಳಲು ನಾವು ಹಾಟ್ ಏರ್ ಗನ್ ಬಳಸುತ್ತೇವೆ, ಮೂತಿಯಿಂದ ಸೀಸ ಕರಗುವಷ್ಟು ಬಿಸಿಗಾಳಿ ಬರುತ್ತದೆ. ಅದು ಬೆಳಗಿನಿಂದ ಚಾಲೂ ಇತ್ತು. ಕೈಗೆ ಸಿಕ್ಕಿದ್ದೇ ಅದು. ಅವನ ಕಿವಿಯ ಕೆಳಗೆ ಒತ್ತಿ ಹಿಡಿದೆ. ಚರ್ಮ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಅವನು ಕೂಗಿ ತಿರುಗಿದವನೇ ಮುಷ್ಟಿಯಿಂದ ನನ್ನ ಬಾಯಿಗೆ ಗುದ್ದಿದ. ಗೋಡೆಗೆ ತಲೆ ಬಡಿದು ಕುಸಿದೆ. ನಾಲಗೆಯ ಮೇಲೆ ಎರಡು ಹಲ್ಲು ಉರುಳಿದವು. ಬಿದ್ದವಳ ಪಕ್ಕೆಗೆ ಒಂದು ಒದೆ, ಇನ್ನೊಂದು ಒದೆ. ಸುಳ್ಳು ಯಾಕೆ ಹೇಳಲಿ, ನಾನು ಸತ್ತೆ ಎಂದುಕೊಂಡೆ.

ಬಾಜುವಿನ ಟೇಲರ್ ಕತ್ತರಿ ಹಿಡಿದು ಓಡಿಬಂದ, ಅವನ ಹಿಂದೆ ಗಲ್ಲಿಯ ನಾಲ್ಕು ಜನ. ಅವರು ಒಳಗೆ ಬರುವಷ್ಟರಲ್ಲಿ ಮಾರುತಿ ಫೋನನ್ನು ನೆಲಕ್ಕೆ ಎಸೆದು ಬೂಟಿನ ಹಿಮ್ಮಡಿಯಿಂದ ತುಳಿದ. ಗಾಜು ಪುಡಿಪುಡಿಯಾಯಿತು. ಪರದೆ ಪೂರ್ತಿ ಕತ್ತಲಾಗುವವರೆಗೆ ತುಳಿದ. ಆಮೇಲೆ ಟೇಲರನನ್ನು ತಳ್ಳಿ ಬೈಕು ಹತ್ತಿ ಹೋದ. ಹೋಗುವಾಗ ಅವನ ಮುಖದಲ್ಲಿ ಕೆಲಸ ಮುಗಿದ ನೆಮ್ಮದಿ ಇತ್ತು.

ಪಾಪ, ಅವನಿಗೆ ಏನು ಗೊತ್ತು. ಒಡೆದದ್ದು ಡಿಸ್‌ಪ್ಲೇ. ಧ್ವನಿ ಇದ್ದದ್ದು ಬೋರ್ಡಿನ ಮೇಲಿನ ಉಗುರಿನಷ್ಟು ಅಗಲದ ಚಿಪ್‌ನಲ್ಲಿ, ಅದಕ್ಕೆ ಗೀರು ಕೂಡ ಬಿದ್ದಿರಲಿಲ್ಲ.

ಟೇಲರ್ ದವಾಖಾನೆಗೆ ಹೋಗೋಣ ಎಂದು ರಿಕ್ಷಾ ತಂದು ನಿಲ್ಲಿಸಿದ. ನಾನು ಮಲ್ಲಿಕಾರ್ಜುನನ ಮುಖ ನೋಡಿದೆ. ಅವನು ಬಲಗೈಯನ್ನು ಎದೆಗೆ ಒತ್ತಿಕೊಂಡು, ಮೊದಲು ಇದನ್ನು ಮುಗಿಸೋಣ ಎಂದ. ಗುಜರಿ ಡಬ್ಬಿಯಲ್ಲಿ ಅದೇ ಮಾಡೆಲ್ಲಿನ ಸತ್ತ ಫೋನೊಂದಿತ್ತು. ಅದರ ಡಿಸ್‌ಪ್ಲೇಯನ್ನು ಬಿಚ್ಚಿ ಇದಕ್ಕೆ ಹಚ್ಚಿದೆವು. ಅವನು ಎಡಗೈಯಿಂದ ಹಿಡಿದ, ನಾನು ಸ್ಕ್ರೂ ಬಿಗಿದೆ. ನನ್ನ ಬಾಯಿಂದ ರಕ್ತ ತೊಟ್ಟಿಕ್ಕುತ್ತಿತ್ತು, ಬೋರ್ಡಿಗೆ ಬೀಳದಿರಲೆಂದು ಹಲ್ಲಿದ್ದ ಜಾಗಕ್ಕೆ ಕರ್ಚೀಫು ತುರುಕಿಕೊಂಡಿದ್ದೆ. ಸುರೇಖಾ ಎಳೆದ ಗೆರೆ ಹಾಕಿದೆ. ಫೋನು ತೆರೆಯಿತು.

ಕಿಟಕಿಯಿಂದ ನುಸುಳುವ ಪ್ರೋಗ್ರಾಮು ಸುಲಭಕ್ಕೆ ನಡೆಯಲಿಲ್ಲ. ನಡೆಸಿದಾಗೆಲ್ಲ ಫೋನು ಬಂದ್ ಆಗಿ ಮತ್ತೆ ಏಳುತ್ತಿತ್ತು. ಕಂಪ್ಯೂಟರಿನ ಕಪ್ಪು ಪರದೆಯ ಮೇಲೆ ಸಾಮಾನ್ಯ ಬಳಕೆದಾರನಿಗೆ ಡಾಲರ್ ಗುರುತು ಕಾಣುತ್ತದೆ, ರೂಟ್ ಸಿಕ್ಕರೆ ಅದೇ ಜಾಗದಲ್ಲಿ ಹ್ಯಾಶ್ ಗುರುತು. ಡಾಲರ್, ಡಾಲರ್, ಡಾಲರ್. ಮಲ್ಲಿಕಾರ್ಜುನನ ಬೆರಳುಗಳು ಊದಿ ಬಾಳೆಕಾಯಿಯಂತಾಗಿದ್ದವು, ಅವನು ಗೋಡೆಗೆ ಒರಗಿ ಹಲ್ಲು ಕಚ್ಚಿ ಕೂತಿದ್ದ. ಸಂಜೆಯ ದೀಪ ಹಚ್ಚುವ ಹೊತ್ತಿಗೆ ಹ್ಯಾಶ್ ಬಂತು. ನನಗೆ ಅಳು ಬಂತು. ಸಂತೋಷಕ್ಕೋ ಪಕ್ಕೆಯ ನೋವಿಗೋ ತಿಳಿಯಲಿಲ್ಲ.

ಆ್ಯಪ್‌ನ ಕೋಣೆಯಲ್ಲಿ ಧ್ವನಿಗಳು ಸಾಲಾಗಿ ಇದ್ದವು. ಸರಿಯಾಗಿ ಬಂದಿವೆಯೇ ಎಂದು ನೋಡಲು ಕೇಳಲೇಬೇಕು. ಕೊನೆಯದನ್ನು ಹಚ್ಚಿದೆ. ಬೈಕಿನ ಸದ್ದು. ಪಾತ್ರೆ ಬಿದ್ದದ್ದು. ಯಾರ ಜತೆ ಮಾತಾಡುತ್ತಿದ್ದೆ ಎಂದು ಅವನ ಪ್ರಶ್ನೆ. ಆಮೇಲೆ ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದಂಥ ಸಪ್ಪಳ, ಒಂದರ ಮೇಲೊಂದು. ಸುರೇಖಾ ಆಯೀ, ಆಯೀ ಎಂದು ಅಮ್ಮನನ್ನು ಕರೆಯುತ್ತಿದ್ದಳು. ನಡುವೆ ಒಬ್ಬ ಹೆಂಗಸಿನ ಧ್ವನಿ, ಪಲ್ಯಕ್ಕೆ ಉಪ್ಪು ಸಾಕು ಎಂದಷ್ಟೇ ತಣ್ಣಗೆ.

“ತೋಂಡಾವರ ನಕೋ ರೇ, ದಿಸತಂಯ.”

ಮುಖಕ್ಕೆ ಬೇಡವೋ, ಕಾಣಿಸುತ್ತದೆ. ಬೆಳಿಗ್ಗೆ ಸಿರಿಂಜಿನಿಂದ ಗಂಜಿ ಬಿಡುತ್ತಿದ್ದವಳ ಧ್ವನಿ ಅದು. ಅದಾದ ಮೇಲೆ ಕಬ್ಬಿಣ ಮೂಳೆಗೆ ತಾಗಿದ ಶಬ್ದ, ಮತ್ತೆ ಬರೀ ಮಳೆ. ಮಲ್ಲಿಕಾರ್ಜುನ ಎದ್ದು ಹೊರಗೆ ಹೋಗಿ ಗಟಾರದಲ್ಲಿ ವಾಂತಿ ಮಾಡಿದ. ನಾನು ಆ ಮುದುಕಿಯನ್ನು ಬಾಯಿಗೆ ಬಂದ ಹಾಗೆ ಬೈದೆ, ಇಲ್ಲಿ ಬರೆಯುವಂಥ ಮಾತುಗಳಲ್ಲ.

ಆಮೇಲೆ ದವಾಖಾನೆಗೆ ಹೋದೆವು. ಭಾನುವಾರ ಪಿಎಸ್‌ಐ ಮೇಡಮ್ಮು ಅಂಗಡಿಗೆ ಬಂದು ಎಲ್ಲವನ್ನೂ ಕೇಳಿದರು, ಧ್ವನಿಗಳ ನಕಲು ತೆಗೆದುಕೊಂಡು ಸುರೇಖಾಳ ಫೋನನ್ನು ಸೀಲ್ ಮಾಡಿಸಿಕೊಂಡರು. ನಾನು ಏನು ಮಾಡಿದೆ, ಹೇಗೆ ಮಾಡಿದೆ ಎಂದು ಹೇಳಿಕೆ ಕೊಟ್ಟೆ. ಮಾರುತಿ ಅಷ್ಟರಲ್ಲಿ ಗೋವಾದ ಕಡೆ ಪರಾರಿಯಾಗಿದ್ದ. ಅವನು ಸಿಕ್ಕಿಬಿದ್ದದ್ದು ಮುಂದಿನ ವಾರ.

ಸೋಮವಾರ ವಾರ್ಡಿಗೆ ನನ್ನನ್ನೂ ಕರೆದರು. ಲಕ್ಷ್ಮೀಬಾಯಿ ಬಾಗಿಲ ಬಳಿ ನಿಂತಿದ್ದಳು. ಅತ್ತೆ ಬಟ್ಟೆಬರೆ ಕಟ್ಟಿಕೊಂಡು, ಕೆಳಗೆ ರಿಕ್ಷಾ ನಿಲ್ಲಿಸಿ, ಸೊಸೆಯ ತಲೆ ಬಾಚುತ್ತ ಕೂತಿದ್ದಳು. ಫೋನು ಪುಡಿಯಾಗಿದೆ ಎಂದು ಮಗ ಹೇಳಿದ್ದನಲ್ಲ, ಅವಳಿಗೆ ಯಾವ ಹೆದರಿಕೆಯೂ ಇರಲಿಲ್ಲ. ಸ್ವಲ್ಪ ಹೊರಗೆ ಹೋಗಮ್ಮ ಎಂದು ಪಿಎಸ್‌ಐ ಹೇಳಿದರು. ನನ್ನ ಸೊಸೆಯನ್ನು ಬಿಟ್ಟು ನಾನು ಯಾಕೆ ಹೋಗಲಿ ಎಂದಳು. ಹಾಗಾದರೆ ಕೂತು ಕೇಳು ಎಂದರು ಅವರು. ಧ್ವನಿಗಳು ಯಾರವೆಂದು ಸುರೇಖಾ ಗುರುತಿಸಲೆಂದು ಕೊನೆಯ ರೆಕಾರ್ಡಿಂಗನ್ನು ಹಚ್ಚಿದರು, ಸುತ್ತಲಿನ ರೋಗಿಗಳಿಗೆ ಕೇಳಿಸದಿರಲೆಂದು ಸಣ್ಣಗೆ.

ಸುರೇಖಾ ಅಲುಗದೆ ಕೇಳಿದಳು. ‘ತೋಂಡಾವರ ನಕೋ’ ಬಂದಾಗ ಅತ್ತೆಯ ಕೈಯಲ್ಲಿದ್ದ ಬಾಚಣಿಗೆ ಸೊಸೆಯ ಕೂದಲಲ್ಲೇ ನಿಂತಿತು. ಸುರೇಖಾ ಆ ಬಾಚಣಿಗೆಯನ್ನು ಕಿತ್ತು ನೆಲಕ್ಕೆ ಒಗೆದಳು. ಬಾಯಿ ತೆರೆಯುವ ಹಾಗಿರಲಿಲ್ಲ. ಪಿಎಸ್‌ಐ ಕಡೆ ನೋಡಿ ಅಂಗೈಯನ್ನು ಮೇಲಕ್ಕೆ ಎತ್ತಿದಳು, ಮತ್ತೆ ಎತ್ತಿದಳು. ಮೊದಲು ಯಾರಿಗೂ ತಿಳಿಯಲಿಲ್ಲ. ಜೋರು ಮಾಡಿ, ಇನ್ನೂ ಜೋರು ಎನ್ನುತ್ತಿದ್ದಳು. ಪಿಎಸ್‌ಐ ಪೂರ್ತಿ ಜೋರು ಮಾಡಿದರು. ಸೊಸೆಯನ್ನು ನೋಡಿಕೊಳ್ಳುವ ಪರಿಯನ್ನು ಹೊಗಳಿದ್ದ ವಾರ್ಡು ಕೊನೆಯ ಹಾಸಿಗೆಯವರೆಗೆ ಕೇಳಿತು. ಆ ರಿಕ್ಷಾ ಸುರೇಖಾ ಇಲ್ಲದೆ ವಾಪಸು ಹೋಯಿತು. ಅವಳು ತಾಯಿಯ ಜತೆ ಜಾಂಬೋಟಿಯ ಬಸ್ಸು ಹತ್ತಿದಳು.

ಮಲ್ಲಿಕಾರ್ಜುನನ ಎರಡು ಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ನನಗೆ ಕಟ್ಟಿಸಿದ ಹಲ್ಲು. ಈ ಪ್ರಕರಣದ ಸುದ್ದಿ ಹರಡಿದ ಮೇಲೆ ಅಂಗಡಿಗೆ ಬೇರೊಂದು ಬಗೆಯ ಗಿರಾಕಿಗಳು ಬರತೊಡಗಿದರು. ಒಳ್ಳೆಯ ಮನೆತನದವರು, ಓದಿದವರು, ಮೆಲ್ಲಗೆ ಮಾತಾಡುವವರು. ಹೆಂಡತಿಯ ಫೋನನ್ನು ಕಿಸೆಯಿಂದ ತೆಗೆದು, ರೂಟ್ ಮಾಡಿ ಕೊಡಿ, ಇವಳು ಯಾರ ಜತೆ ಮಾತಾಡುತ್ತಾಳೆ ನೋಡಬೇಕು ಎನ್ನುತ್ತಾರೆ. ಸುರೇಖಾಳನ್ನು ಉಳಿಸಿದ ಅದೇ ಕಿಟಕಿಯಿಂದ ಮಾರುತಿಯಂಥವರೂ ಒಳಗೆ ನುಸುಳಬಹುದು. ಬೀಗ ಎಷ್ಟು ಗಟ್ಟಿ ಎನ್ನುವುದನ್ನಲ್ಲ, ಅದರೊಳಗಿನದು ಯಾರದು ಎನ್ನುವುದನ್ನು ಮೊದಲು ನೋಡಬೇಕೆಂದು ಈ ಕಸುಬು ನನಗೆ ಕಲಿಸಿತು. ಅವರಿಗೆ ನಾನು ಬೈಯುವುದಿಲ್ಲ, ಈ ಒಂದು ವಿಷಯದಲ್ಲಿ ನನ್ನ ಬಾಯಿ ನನ್ನ ಮಾತು ಕೇಳುತ್ತದೆ. ಆಗಲಿ, ಮಾಡಿಕೊಡುತ್ತೇನೆ, ಆಕೆಯನ್ನು ಕರೆದುಕೊಂಡು ಬನ್ನಿ, ಇದೇ ಕುರ್ಚಿಯಲ್ಲಿ ಕೂತು ಪ್ಯಾಟರ್ನನ್ನು ಆಕೆಯೇ ಹಾಕಲಿ ಎನ್ನುತ್ತೇನೆ. ಇಷ್ಟು ವರ್ಷಗಳಲ್ಲಿ ಒಬ್ಬನೂ ಕರೆದುಕೊಂಡು ಬಂದಿಲ್ಲ.